ಅಂಗೈ ನೀರು

ಬಂಗಾಳದ ಬಾಲಿಗಂಜ್ ಸ್ಟೇಷನ್ನಿನ ಹತ್ತಿರದ ಗಲ್ಲಿಯಲ್ಲಿ ಹೋಟೆಲಿಟ್ಟು ಅರ್ಧ ಆಯುಷ್ಯವೆಲ್ಲ ಊರವರಿಗೆ ಉಣಬಡಿಸಿದ ಗಣಪಯ್ಯನವರು ಈಗ ತಮ್ಮ ಊಟಕ್ಕೆ ಬಾಯಿ ತೆರೆಯಲೊಲ್ಲರು.

ಪಾರ್ಶ್ವವಾಯು ಬಡಿದು ಮಾತು ಹೋಗಿತ್ತು, ಬಲಗೈ ಬಲಗಾಲು ಹೋಗಿದ್ದವು. ಅದಕ್ಕೆಲ್ಲ ಮನೆಯವರು ಅತ್ತು ಕರೆದು ಹೇಗೋ ಒಗ್ಗಿಕೊಂಡಿದ್ದರು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಶುರುವಾದ ಈ ಹಠಕ್ಕೆ ಮಾತ್ರ ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ. ಗಂಟಲು ಅಷ್ಟಿಷ್ಟು ಕೆಲಸ ಮಾಡುತ್ತಿದೆ, ನೆಟ್ಟಗೆ ಕೂರಿಸಿ, ಗದ್ದ ಎದೆಗೆ ತಾಗುವಂತೆ ಬಾಗಿಸಿ, ಗಟ್ಟಿಯಾಗಿ ಕಲಸಿದ್ದನ್ನು ಚಮಚದಲ್ಲಿ ಕೊಡಿ, ನುಂಗುತ್ತಾರೆ ಎಂದು ಆಸ್ಪತ್ರೆಯ ಹುಡುಗಿ ಹೇಳಿಕೊಟ್ಟಿದ್ದಳು. ಬರಿಯ ನೀರನ್ನು ಮಾತ್ರ ಹನಿಯಷ್ಟೂ ಕೊಡಕೂಡದು. ನೀರು ತೆಳುವು, ಓಡುತ್ತದೆ, ಗಂಟಲು ಮುಚ್ಚಿಕೊಳ್ಳುವುದರೊಳಗೆ ಪುಪ್ಪುಸಕ್ಕೆ ಇಳಿದುಬಿಡುತ್ತದೆ. ಕುಡಿಯುವುದಿದ್ದರೆ ಪುಡಿ ಬೆರೆಸಿ ಜೇನಿನಷ್ಟು ಮಂದ ಮಾಡಿ ಕುಡಿಸಬೇಕು.

ವಿಚಿತ್ರವೆಂದರೆ, ಹಾಗೆ ಮಂದ ಮಾಡಿದ ನೀರಿನಲ್ಲಿ ಮಾತ್ರೆ ಅರೆದು, ಗ್ಲೂಕೋಸು ಕಲಸಿ ಕೊಟ್ಟರೆ ಗಣಪಯ್ಯನವರು ಮುಖ ಸಿಂಡರಿಸಿಕೊಂಡಾದರೂ ನುಂಗುತ್ತಿದ್ದರು. ಅನ್ನದ ಬಟ್ಟಲು ಬಂತೋ, ತುಟಿ ಬಿಗಿ.

"ಮಾತು ಹೋಯ್ತು, ಹಠ ಹೋಗ್ಲಿಲ್ಲ ನೋಡಿ," ಎಂದು ಅವರ ಹೆಂಡತಿ ಮುಕ್ತಾ ಹೇಳಿದಾಗ ನೋಡಲು ಬಂದಿದ್ದ ವಸುಂಧರಾ ನಗಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡಳು.

ಕೇಳಿಸಿಕೊಳ್ಳುವುದೇ ಅವಳ ಕೆಲಸವಾಗಿತ್ತು. ಆ ಗಲ್ಲಿ ದಾಟಿದರೆ ಸಿಗುವ ಲೂಥರನ್ ಚರ್ಚಿನಲ್ಲಿ ಕಾಯಿಲೆಯವರ ಮನೆಗೆ ಹೋಗಿಬರುವ ಒಂದು ತಂಡವಿತ್ತು. ಯಾವ ಜಾತಿ ಯಾವ ಮತವೆಂದು ಕೇಳದೆ ಮಂಚ, ಗಾಲಿಕುರ್ಚಿ, ಗಾಳಿಹಾಸಿಗೆ ಕೊಟ್ಟುಬರುವರು, ಬೇಕಿಲ್ಲವಾದಾಗ ತಂದು ತೊಳೆದಿಡುವರು. ಹೋಗುವುದು ಇಬ್ಬರಿಬ್ಬರಾಗಿ. ಒಬ್ಬರು ಕೈಕೆಲಸಕ್ಕೆ, ಇನ್ನೊಬ್ಬರು ಸುಮ್ಮನೆ ಕೂತು ಕೇಳುವುದಕ್ಕೆ. ಕೇಳುವವರು ಉಣಿಸುವಂತಿಲ್ಲ, ಔಷಧಿ ಕೊಡುವಂತಿಲ್ಲ, ಹೀಗೆ ಮಾಡಿ ಹಾಗೆ ಮಾಡಿ ಎನ್ನುವಂತಿಲ್ಲ. ಮನೆಯವರಾಗಿ ಬೇಡಿದ ಹೊರತು ಪ್ರಾರ್ಥನೆಯನ್ನೂ ಎತ್ತುವಂತಿಲ್ಲ.

ಆ ಚರ್ಚಿನ ಸಭೆಯಲ್ಲಿ ಹೆಚ್ಚಿನವರು ಸಂತಾಲ ಬುಡಕಟ್ಟಿನವರು, ಮಿಕ್ಕವರು ಬಂಗಾಳಿಗಳು. ಕನ್ನಡದವಳೆಂದರೆ ವಸುಂಧರಾ ಒಬ್ಬಳೇ. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತಳಾಗಿ ಪಕ್ಕದ ಢಾಕುರಿಯಾದಲ್ಲಿ ಒಂಟಿಯಾಗಿದ್ದಳು. ಗಂಡ ಹೊನ್ನಪ್ಪ ಹಾಸಿಗೆ ಹಿಡಿದಾಗ ಇದೇ ತಂಡ ಅವಳ ಮನೆಗೆ ಬರುತ್ತಿತ್ತು. ಗಣಪಯ್ಯನವರ ಕೋಣೆಗೆ ಮೊದಲ ಸಲ ಕಾಲಿಟ್ಟಾಗ ಅವಳ ಕಣ್ಣು ಹೋದದ್ದು ಮಂಚದ ಕಬ್ಬಿಣದ ಕಾಲಿನ ಮೇಲೆ. ಬಣ್ಣ ಎದ್ದ ಆ ಜಾಗ ಅವಳಿಗೆ ಗುರುತಿತ್ತು. ಹೊನ್ನಪ್ಪ ಕೊನೆಯ ಉಸಿರೆಳೆದದ್ದು ಅದೇ ಮಂಚದ ಮೇಲೆ. ಇದನ್ನು ಅವಳು ಯಾರಿಗೂ ಹೇಳಲಿಲ್ಲ.

ಕೈಕೆಲಸಕ್ಕೆ ಬರುತ್ತಿದ್ದವರು ಪಾಸ್ಟರ್ ಅಮಿತ್ ಹೆಂಬ್ರಮ್. ಗಣಪಯ್ಯನವರನ್ನು ಮಗ್ಗುಲು ಮಗುಚಿ ಬೆನ್ನೊರಸುವುದು, ಗಡ್ಡ ಹೆರೆಯುವುದು, ಮಂಚದ ತಲೆಭಾಗ ಎತ್ತುವುದು ಎಲ್ಲ ಅವರೇ. ಭಾನುವಾರದ ಆರಾಧನೆ ಮುಗಿಸಿ ನೇರ ಗಣಪಯ್ಯನವರ ಹೋಟೆಲಿಗೆ ಬಂದು ಇಡ್ಲಿ ತಿನ್ನುವುದು ಅವರ ಹಳೆಯ ರೂಢಿ. ಆಗೆಲ್ಲ ಗಣಪಯ್ಯನವರು ತಮ್ಮ ಮುರುಕು ಬಂಗಾಳಿಯಲ್ಲಿ, "ಪಾದ್ರಿಗಳೇ, ನಿಮ್ಮ ಗುಡಿಯಲ್ಲಿ ಕೊಡುವ ದ್ರಾಕ್ಷಾರಸ ಒಂದು ಗುಟುಕು, ನನ್ನ ಕಾಫಿ ಒಂದು ಲೋಟ. ಯಾರು ಉದಾರಿ ನೀವೇ ಹೇಳಿ," ಎಂದು ಕೆಣಕುತ್ತಿದ್ದರಂತೆ. ಈಗ ಗಡ್ಡ ಹೆರೆಯುವಾಗ ಪಾಸ್ಟರೇ ಆ ಮಾತನ್ನು ನೆನಪಿಸುವರು. ಗಣಪಯ್ಯನವರ ಎಡಗಣ್ಣಿನ ಕೊನೆಯಲ್ಲಿ ಒಂದು ಸುಕ್ಕು ಏಳುವುದು. ನಗುವಿನಲ್ಲಿ ಉಳಿದಿದ್ದದ್ದು ಅಷ್ಟೇ.

ಮೊದಲ ದಿನ ಮುಕ್ತಾ ವಸುಂಧರೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಊರು ಎಲ್ಲಿ?" ಎಂದಿದ್ದರು.

"ಮಂಗಳೂರು. ಬಲ್ಮಠ."

"ಮಿಷನ್ನಿನವರಾ?"

"ಹೌದು."

"ಅಡುಗೆಮನೆ ಹತ್ರ ಬೇಡ, ಇಲ್ಲಿ ಕೂತ್ಕೊಳ್ಳಿ. ಅಲ್ಲಿ ಹೊಗೆ."

ಅಡುಗೆಮನೆಯಲ್ಲಿ ಹೊಗೆ ಇರಲಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ವಸುಂಧರಾ ತೋರಿಸಿದಲ್ಲಿ ಕೂತಳು. ವಾರ ಕಳೆಯುವುದರೊಳಗೆ ಮುಕ್ತಾ ತಾವಾಗಿಯೇ, "ವಸುಂಧರಕ್ಕ, ಒಳಗೆ ಬನ್ನಿ ಮಾರಾಯ್ರೆ, ಇಲ್ಲಿಂದ ಕೂಗಿ ಕೂಗಿ ನನ್ನ ಗಂಟಲೂ ಹೋದೀತು," ಎಂದರು. ಹೊಗೆಯ ಮಾತು ಅಲ್ಲಿಗೆ ಮುಗಿಯಿತು.

ಗಣಪಯ್ಯನವರಿಗಾಗಿ ವಸುಂಧರಾ ಪದ್ಯ ಹೇಳುತ್ತಿದ್ದಳು. ಅವಳ ತಂದೆ ಮಿಷನ್ ಶಾಲೆಯ ಕನ್ನಡ ಪಂಡಿತರು. ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕಾವ್ಯ ಓದುತ್ತಿದ್ದರು, ರಾಗವಾಗಿ. ಕೇಳಲು ಎಲ್ಲ ಮನೆಯವರೂ ಬರುತ್ತಿದ್ದರು. ಪದ್ಯ ಮುಗಿದ ಕೂಡಲೇ ಮಕ್ಕಳು ಗುಸುಗುಟ್ಟಿದರೆ ಗದರುವರು, "ನಿಂತದ್ದನ್ನೂ ಕೇಳಬೇಕು. ಪದ್ಯ ಮುಗಿಯುವುದು ಬಾಯಲ್ಲಲ್ಲ." ಆ ಪದ್ಯಗಳು ಅವಳಿಗೆ ಅರ್ಧಂಬರ್ಧ ಬಾಯಿಗೆ ಬರುತ್ತಿದ್ದವು. ಮರೆತ ಸಾಲನ್ನು ಬರಿಯ ರಾಗದಲ್ಲಿ ದಾಟಿಸಿಬಿಡುವಳು. ಗಣಪಯ್ಯನವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಆ ಹೊತ್ತಿಗೆ ಮುಖದ ಬಿಗಿ ಸಡಿಲುತ್ತಿತ್ತು. ಸಡಿಲಿದ ಸಮಯ ನೋಡಿ ಮುಕ್ತಾ ಬಟ್ಟಲು ತರುವರು. ತುಟಿ ಮತ್ತೆ ಬಿಗಿ.

ಏನೆಲ್ಲ ಮಾಡಿ ನೋಡಲಿಲ್ಲ. ಇಡ್ಲಿ ಹಿಸುಕಿ, ಬಾಳೆಹಣ್ಣು ಕಿವುಚಿ, ಹೆಸರುಬೇಳೆ ಪಾಯಸ ಗಟ್ಟಿ ಮಾಡಿ. ಪಕ್ಕದ ಮನೆಯ ಬಂಗಾಳಿ ಹೆಂಗಸು ಕಾಳಿಘಾಟಿಗೆ ಹೋಗಿ ಹರಕೆ ಹೇಳಿಕೊಂಡು, ಬರುವಾಗ ಮಣ್ಣಿನ ಕುಡಿಕೆಯಲ್ಲಿ ಮಿಷ್ಟಿ ದಹಿ ಎಂಬ ಸಿಹಿಮೊಸರು ತಂದಳು. ಅದಕ್ಕೂ ತೆರೆಯಲಿಲ್ಲ. ಮನಸ್ಸು ಕುಗ್ಗಿದೆ ಎಂದರು ಡಾಕ್ಟರು. ಎಳೆಮಗುವಿಗೆ ಕೊಟ್ಟ ಹಾಗೆ ಕೊಡ್ತೇವಲ್ಲ, ಅವಮಾನ ಆಗ್ತದೆ ಅಂದ ಮಗ ರವಿರಾಜ. ವ್ಯಾಪಾರದ ಹೊತ್ತಿನಲ್ಲೂ ಕೆಳಗಿನ ಹೋಟೆಲಿನಿಂದ ಮತ್ತೆ ಮತ್ತೆ ಮೇಲೆ ಬಂದು ಅಪ್ಪನ ಮುಖ ನೋಡಿ ಇಳಿದು ಹೋಗುವನು.

"ಈ ವಾರ ನೋಡುವ ಅಂದಿದ್ದಾರೆ ಡಾಕ್ಟ್ರು," ಎಂದರು ಮುಕ್ತಾ. "ತಿಂದ್ರೆ ಆಯ್ತು, ಇಲ್ಲದಿದ್ರೆ ಮೂಗಿಗೆ ಟ್ಯೂಬು. ಟ್ಯೂಬು ಹಾಕಿದ್ರೆ ಕೈ ಕಟ್ತಾರಂತೆ ವಸುಂಧರಕ್ಕ, ಎಳ್ದು ತೆಗಿಬಾರ್ದು ಅಂತ. ಇರುದೇ ಒಂದು ಕೈ. ಅದನ್ನೂ ಕಟ್ಟಿದ್ರೆ ಅವ್ರಿಗೆ ಉಳಿದದ್ದೆಂತ?"

ಸೊಸೆ ಶ್ರೀರಕ್ಷಾ ಬಟ್ಟಲು ತಂದಳು.

ಆಗ ವಸುಂಧರಾ ಅದನ್ನು ನೋಡಿದಳು. ಮುಂಚೆಯೂ ನೋಡಿದ್ದಳು, ಆದರೆ ಕಂಡಿರಲಿಲ್ಲ. ಬಟ್ಟಲು ಹತ್ತಿರ ಬರುತ್ತಿದ್ದಂತೆ ಗಣಪಯ್ಯನವರು ತಮ್ಮ ಎಡಗೈಯಿಂದ ಸತ್ತ ಬಲಗೈಯ ಮಣಿಕಟ್ಟು ಹಿಡಿದು ಎಳೆದುಕೊಂಡರು. ತೊಡೆಯ ಮೇಲಿಟ್ಟು, ಅಂಗೈ ಮೇಲಾಗುವಂತೆ ಕಷ್ಟಪಟ್ಟು ಹೊರಳಿಸಿದರು. ಬೆರಳುಗಳನ್ನು ಒಂದೊಂದಾಗಿ ಒಳಕ್ಕೆ ಮಡಚಿದರು.

"ಮಾವ, ಕೈ ಸುಮ್ಮನಿಡಿ, ನೋವಾಗ್ತದೆ," ಎಂದು ಶ್ರೀರಕ್ಷಾ ಮೃದುವಾಗಿ ಆ ಕೈಯನ್ನೆತ್ತಿ ಹೊದಿಕೆಯ ಒಳಗೆ ಸೇರಿಸಿದಳು. ದಿನವೂ ಹಾಗೇ ಸೇರಿಸುತ್ತಿದ್ದಳು. ಗಣಪಯ್ಯನವರು ಗೋಡೆಯ ಕಡೆ ಮುಖ ತಿರುಗಿಸಿದರು.

ಹಾಗೆ ಗುಳಿ ಮಾಡಿದ ಅಂಗೈಗಳನ್ನು ವಸುಂಧರಾ ಹುಟ್ಟಿದಾಗಿನಿಂದ ಬಲ್ಲಳು. ಚರ್ಚಿನಲ್ಲಿ ರಾತ್ರಿಭೋಜನದ ಸಂಸ್ಕಾರದ ದಿನ ಜನ ಸಾಲಾಗಿ ಮೊಣಕಾಲೂರಿ, ಎಡಗೈಯ ಮೇಲೆ ಬಲಗೈ ಇಟ್ಟು, ರೊಟ್ಟಿಯ ಚೂರಿಗಾಗಿ ಹೀಗೆಯೇ ಹಿಡಿದಿರುತ್ತಾರೆ. ಅದು ನೋವಿನ ಕೈಯಲ್ಲ, ಬೇಡವೆನ್ನುವ ಕೈಯೂ ಅಲ್ಲ. ಏನನ್ನೋ ಕಾಯುವ ಕೈ.

ಹೇಳುವಂತಿಲ್ಲ, ಕೇಳಬಹುದಲ್ಲ ಎಂದುಕೊಂಡಳು. "ಮುಕ್ತಕ್ಕ, ನಮ್ಮಲ್ಲಿ ಪ್ರಾರ್ಥನೆ ಹೇಳದೆ ಊಟಕ್ಕೆ ಕೈ ಹಾಕುದಿಲ್ಲ. ನಿಮ್ಮಲ್ಲಿ ಊಟಕ್ಕೆ ಮುಂಚೆ ಎಂತ ಮಾಡ್ತಾರೆ?"

"ಎಂತ ಮಾಡುದು, ಗಂಡಸರು ಎಲೆ ಸುತ್ತ ನೀರು ಬಿಟ್ಟು ಆಪೋಶನ..." ಮುಕ್ತಾ ಮಾತು ಮುಗಿಸಲಿಲ್ಲ. ಕೈಯಲ್ಲಿದ್ದ ಚಮಚ ಬಟ್ಟಲಿಗಿಟ್ಟರು. ಹೊದಿಕೆ ಸರಿಸಿ ಆ ಕೈಯನ್ನು ನೋಡಿದರು.

ನಲವತ್ತು ವರ್ಷ ಅವರೇ ನೀರು ಹಾಕಿದ್ದು. ಗಿರಾಕಿಗಳ ಗದ್ದಲವೆಲ್ಲ ಮುಗಿದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಎಲೆಯ ಮುಂದೆ ಕೂತ ಗಂಡನ ಬಲ ಅಂಗೈಗೆ ಒಂದು ಉದ್ಧರಣೆ, ಎಂದರೆ ಪೂಜೆಯ ಪುಟ್ಟ ಚಮಚದಷ್ಟು ನೀರು. ಮಂತ್ರ ಹೇಳಿ ಅದನ್ನು ಕುಡಿದ ಮೇಲೆಯೇ ಮೊದಲ ತುತ್ತು. ಊಟವಾದ ಮೇಲೆ ಮತ್ತೊಂದು ಉದ್ಧರಣೆ. ಮದುವೆಮನೆಯ ಅಡುಗೆಗೆ ಹೋಗಲಿ, ಜ್ವರವಿರಲಿ, ತಪ್ಪಿದ್ದಿಲ್ಲ. ಉಸಿರಾಡಿದಷ್ಟು ಸಹಜವಾಗಿತ್ತು, ಹಾಗಾಗಿ ಯಾರ ನೆನಪಿಗೂ ಬಂದಿರಲಿಲ್ಲ. ಔಷಧಿಗೆ ಆಪೋಶನ ಬೇಕಿಲ್ಲ. ಅದಕ್ಕೇ ಔಷಧಿಗೆ ಬಾಯಿ ತೆರೆದಿತ್ತು.

"ನೀರಾ?" ಎಂದು ಮುಕ್ತಾ ಬಾಗಿ ಕೇಳಿದರು. "ನೀರು ಬೇಕಾ ನಿಮಗೆ?"

ಗಣಪಯ್ಯನವರು ಹೆಂಡತಿಯನ್ನು ನೋಡಿದರು. ಎಡಗಣ್ಣಿನಿಂದ ನೀರಿಳಿಯಿತು.

ಮುಕ್ತಾ ಒಂದು ಗಳಿಗೆ ಹಿಗ್ಗಿದರು. ಮರುಗಳಿಗೆಯಲ್ಲಿ ಅವರಿಗೂ, ವಸುಂಧರೆಗೂ, ಬಟ್ಟಲು ಹಿಡಿದು ನಿಂತ ಶ್ರೀರಕ್ಷೆಗೂ ಒಟ್ಟಿಗೇ ಹೊಳೆಯಿತು. ಗಣಪಯ್ಯನವರು ಕೇಳುತ್ತಿದ್ದದ್ದು ಒಂದು ಗುಟುಕು ನೀರು. ಕೊಡಕೂಡದ್ದು ಅದೊಂದೇ.

ಆ ದಿನ ಮಧ್ಯಾಹ್ನವೆಲ್ಲ ದಾರಿ ಹುಡುಕುವುದರಲ್ಲೇ ಕಳೆಯಿತು. ರವಿರಾಜ ಮೇಲೆ ಬಂದು, ಪುಡಿ ಬೆರೆಸಿ ಮಂದ ಮಾಡಿದ ನೀರನ್ನೇ ಅಪ್ಪನ ಅಂಗೈಗೆ ಹಾಕಿದ. ಅದು ಅಂಟಿನ ಹಾಗೆ ಕೂತಿತು. ಗಣಪಯ್ಯನವರು ಸ್ವಲ್ಪ ಹೊತ್ತು ದಿಟ್ಟಿಸಿ, ಎಡಗೈಯಿಂದ ಅಂಗೈಯನ್ನು ವಾಲಿಸಿ, ಜಾರಲು ಬಿಟ್ಟರು. ಸಾರಿನ ಹದವನ್ನು ಪರಿಮಳದಲ್ಲೇ ಹೇಳುತ್ತಿದ್ದ ಮನುಷ್ಯನಿಗೆ ಇದು ನೀರು ಎಂದು ನಂಬಿಸುವುದು ಹೇಗೆ?

ರವಿರಾಜ ಊರಿನ ಪುರೋಹಿತ ನರಸಿಂಹಮೂರ್ತಿ ಭಟ್ಟರಿಗೆ ಫೋನ್ ಮಾಡಿದ. ಭಟ್ಟರು ಒಳ್ಳೆಯವರು. ತಾವೇ ಮಾತಾಡುತ್ತೇನೆಂದು ಹೇಳಿ, ಗಣಪಯ್ಯನವರ ಕಿವಿಗೆ ಫೋನು ಹಿಡಿಸಿ, "ಗಣಪಯ್ಯನವರೇ, ಆಪತ್ಕಾಲಕ್ಕೆ ಯಾವ ನಿಯಮವೂ ಇಲ್ಲ. ಮನಸ್ಸಲ್ಲಿ ದೇವರನ್ನು ನೆನೆದು ಉಣ್ಣಿ, ದೋಷ ಇದ್ದರೆ ನನಗಿರಲಿ," ಎಂದರು. ಗಣಪಯ್ಯನವರು ಗೌರವದಿಂದ ಪೂರ್ತಿ ಕೇಳಿದರು. ಕೇಳಿ, ಬಾಯಿ ಮುಚ್ಚಿಯೇ ಇದ್ದರು.

"ಶಾಸ್ತ್ರ ಬಿಟ್ರೂ ಇವ್ರು ಬಿಡುದಿಲ್ಲ," ಎಂದರು ಮುಕ್ತಾ.

ಡಾಕ್ಟರು ಫೋನಿನಲ್ಲಿ, "ಒಂದು ಚಮಚ ನೀರು ಏನೂ ಮಾಡದಿರಬಹುದು, ನ್ಯುಮೋನಿಯಾನೂ ಮಾಡಬಹುದು. ನಾನು ಕೊಡಿ ಅನ್ನಲಾರೆ," ಎಂದರು.

ಸಂಜೆಗೆ ಪಾಸ್ಟರ್ ಬಂದರು. ನಡೆದದ್ದನ್ನು ಪೂರ್ತಿ ಕೇಳಿದರು. ಆಮೇಲೆ, ನಿಮ್ಮಲ್ಲಿ ಹೀಗಾದರೆ ಏನು ಮಾಡುತ್ತೀರೆಂದು ಮುಕ್ತಾ ಕೇಳಿದ್ದಕ್ಕೆ ಮಾತ್ರ ಹಿಂದಿಯಲ್ಲಿ ಹೇಳಿದರು, "ನುಂಗಲಾರದವರಿಗೆ ನಾವು ದ್ರಾಕ್ಷಾರಸದಲ್ಲಿ ಬೆರಳದ್ದಿ ತುಟಿಗೆ ಮುಟ್ಟಿಸುತ್ತೇವೆ. ನಮ್ಮಲ್ಲಿ ಅಷ್ಟು ಸಾಕು. ನಿಮ್ಮಲ್ಲಿ ಹೇಗೋ ನನಗೆ ಗೊತ್ತಿಲ್ಲ."

ವಸುಂಧರೆಗೆ ಗೊತ್ತಿತ್ತು. ಇದೇ ಮಂಚದ ಮೇಲೆ ಹೊನ್ನಪ್ಪನ ತುಟಿಗೆ ಪಾಸ್ಟರರ ಇದೇ ಬೆರಳು ಮುಟ್ಟಿತ್ತು, ಅವನು ಅದನ್ನು ನಾಲಿಗೆಯಿಂದ ಸವರಿಕೊಂಡು ತೃಪ್ತನಾಗಿದ್ದ. ಮುಕ್ತಾ ಬೆರಳು ಒದ್ದೆ ಮಾಡಿ ಗಂಡನ ತುಟಿಗೆ ಸವರಿದರು. ಗಣಪಯ್ಯನವರು ಆ ಹಸಿಯನ್ನು ಸವರಿಕೊಂಡರು. ಅಂಗೈ ಮಾತ್ರ ಹಾಗೇ ಹಿಡಿದಿತ್ತು. ಒಬ್ಬರಿಗೆ ಸಾಕಾದದ್ದು ಇನ್ನೊಬ್ಬರಿಗೆ ಸಾಲಲಿಲ್ಲ.

ಪಾಸ್ಟರ್ ಮಂಚದ ತಲೆಭಾಗವನ್ನು ಇನ್ನಷ್ಟು ಎತ್ತಿ, ದಿಂಬು ಸರಿ ಮಾಡಿದರು. ಮಾಡಬಹುದಾದ ಕೈಕೆಲಸ ಬೇರೆ ಇರಲಿಲ್ಲ.

ಮುಕ್ತಾ ವಸುಂಧರೆಯ ಮುಂದೆ ಬಂದು ನಿಂತರು. "ನೀವೇ ಕೇಳಿದ್ದಲ್ವಾ ಊಟಕ್ಕೆ ಮುಂಚೆ ಎಂತ ಮಾಡ್ತೀರಿ ಅಂತ. ಈಗ ನೀವೇ ಹೇಳಿ. ಕೊಡ್ಲಾ, ಬೇಡ್ವಾ?"

ಆ ಮಾತಿನಲ್ಲಿ ಮುಳ್ಳಿರಲಿಲ್ಲ. ಇದ್ದಿದ್ದರೆ ವಸುಂಧರೆಗೆ ಹಗುರಾಗುತ್ತಿತ್ತು. ಕೊಡಿ ಎಂದರೆ ಗಂಟಲಿನ ದಾರಿ ತಪ್ಪಬಹುದು. ಬೇಡವೆಂದರೆ ಹಸಿವು, ಅದಾದ ಮೇಲೆ ಟ್ಯೂಬು, ಕಟ್ಟಿದ ಕೈ. ಹೇಳಬಾರದೆಂಬ ಚರ್ಚಿನ ಪದ್ಧತಿಯ ಹಿಂದೆ ಅಡಗಿಕೊಳ್ಳಬಹುದಿತ್ತು, ಅದೂ ಅವಳಿಗೆ ಆಗಲಿಲ್ಲ.

"ನನಗೆ ಗೊತ್ತಾಗುದಿಲ್ಲ ಮುಕ್ತಕ್ಕ," ಎಂದಳು. "ನೀವು ಎಂತ ಮಾಡಿದ್ರೂ ನಾನು ಇಲ್ಲೇ ಕೂತಿರ್ತೇನೆ."

"ಕೂತು ಎಂತ ಮಾಡ್ಲಿಕ್ಕುಂಟು?" ಎಂದರು ಮುಕ್ತಾ, ಬೇಸರದಿಂದಲ್ಲ, ನಿಜಕ್ಕೂ ತಿಳಿಯದೆ ಕೇಳುವವರ ಹಾಗೆ. ತುಸು ಹೊತ್ತಿನ ಮೇಲೆ ಅವರೇ, "ಆಯ್ತು, ಕೂತಿರಿ," ಎಂದು ದೇವರ ಕೋಣೆಗೆ ಹೋಗಿ ಉದ್ಧರಣೆ ತಂದರು.

ರವಿರಾಜ ಅಪ್ಪನ ಬಲಗೈಯನ್ನು ಬಾಯಿಯ ಮಟ್ಟಕ್ಕೆ ಎತ್ತಿ ಹಿಡಿದ. ಪಾಸ್ಟರ್ ಹಿಂದಿನಿಂದ ತಲೆಯನ್ನು ಮುಂದಕ್ಕೆ ಬಾಗಿಸಿ, ಹೇಳಿಕೊಟ್ಟ ಹಾಗೆ ಗದ್ದವನ್ನು ಎದೆಗೆ ತಾಗಿಸಿದರು. ಮಂತ್ರ ಹೇಳಲು ಹೊರಟ ರವಿರಾಜನಿಗೆ ಅರ್ಧಕ್ಕೇ ತಪ್ಪಿತು. ಹೆಂಗಸರು ಹೇಳುವ ಮಂತ್ರವಲ್ಲ ಅದು. ಮುಕ್ತಾ ಉಳಿದರ್ಧವನ್ನು ತಗ್ಗಿದ ದನಿಯಲ್ಲಿ ಹೇಳಿ ಮುಗಿಸಿದರು. ಅಂಗೈಗೆ ನೀರು ಬಿದ್ದಿತು. ಉದ್ಧರಣೆಯ ತುಂಬ ಅಲ್ಲ, ತಳ ಮುಚ್ಚುವಷ್ಟು. ಗಣಪಯ್ಯನವರು ತುಟಿ ಚಾಚಿ ಅದನ್ನು ಹೀರಿಕೊಂಡರು.

ಕೋಣೆಯಲ್ಲಿ ಎಲ್ಲರೂ ಕಿವಿಯಾದರು. ಕೆಮ್ಮು ಬಂದರೆ ಈಗ ಬರಬೇಕು. ದೂರದಲ್ಲಿ ಲೋಕಲ್ ಟ್ರೈನು ಹೊರಡುವ ಸದ್ದಾಯಿತು. ಕೆಳಗೆ ಹೋಟೆಲಿನಲ್ಲಿ ಯಾರೋ ಲೋಟ ಕುಕ್ಕಿದರು. ವಸುಂಧರಾ ಆ ಗಂಟಲನ್ನು, ಅದರ ಕೆಳಗಿನ ಎದೆಯನ್ನು, ಅಪ್ಪನ ಪದ್ಯ ನಿಂತ ಮೇಲಿನ ನಿಶ್ಶಬ್ದವನ್ನು ಕೇಳುತ್ತಿದ್ದಂತೆ ಕೇಳಿದಳು. ಗಂಟಲಮಣಿ ಮೇಲೇರಿ ಇಳಿಯಿತು. ಕೆಮ್ಮು ಬರಲಿಲ್ಲ.

ಗಣಪಯ್ಯನವರು ಬಾಯಿ ತೆರೆದರು.

ಹಿಸುಕಿದ ಅನ್ನ, ಬೇಳೆ, ತುಪ್ಪ. ಒಂದೊಂದು ಚಮಚವನ್ನೂ ಬಹಳ ಹೊತ್ತು ಬಾಯಲ್ಲಾಡಿಸಿ ನುಂಗಿದರು. ಉಪ್ಪು ಕಡಿಮೆಯಾಗಿದೆ ಎನ್ನುವಂತೆ ಹುಬ್ಬೇರಿಸಿದರು ಎಂದು ಶ್ರೀರಕ್ಷಾ ಹೇಳಿದಳು, ಎಲ್ಲರೂ ನಕ್ಕರು. ಬಟ್ಟಲು ಖಾಲಿಯಾದ ಮೇಲೆ ಅಂಗೈ ಮತ್ತೆ ಮೇಲಾಯಿತು. ಮುಗಿಸುವ ನೀರು. ಅದನ್ನು ಎಲ್ಲರೂ ಮರೆತಿದ್ದರು. ರವಿರಾಜನ ನಗು ಅಲ್ಲೇ ನಿಂತಿತು.

ಆಮೇಲಿನ ದಿನಗಳು ಹೀಗೆಯೇ. ಒಂದು ಊಟಕ್ಕೆ ಎರಡು ಸಲ ನೀರು, ಎರಡು ಸಲ ಕಿವಿ ಕೊಟ್ಟು ನಿಲ್ಲುವುದು. ಮುಖಕ್ಕೆ ಸ್ವಲ್ಪ ಕಳೆ ಬಂತು. ಬೆಳಗಿನ ಹೊತ್ತು ಪಾಸ್ಟರ್ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಸದರ್ನ್ ಅವೆನ್ಯೂವಿನ ಮರಗಳ ಕೆಳಗೆ ಒಂದು ಸುತ್ತು ತಿರುಗಿಸಿ ತಂದರು. ಮುಕ್ತಾ ಪೀಪಿಯಂಥ ದನಿಯಲ್ಲಿ ಸೊಸೆಯನ್ನು ಗದರುವಷ್ಟು ಚೇತರಿಸಿಕೊಂಡರು. ವಸುಂಧರಾ ಪದ್ಯ ಹೇಳುವಾಗ ಮರೆತ ಸಾಲು ಬಂದರೆ ಗಣಪಯ್ಯನವರು ಒಂದು ಕಣ್ಣು ತೆರೆದು ನೋಡುವರು, ಕಳ್ಳಿ ಸಿಕ್ಕಿಬಿದ್ದಳೆನ್ನುವ ಹಾಗೆ. ದೇವರೇ, ಇಷ್ಟಾದರೂ ಇರಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಯಾರೂ ಕೇಳದಿದ್ದರೂ ಬೇಡಿಕೊಂಡಳು.

ಕೆಮ್ಮು ಕೊನೆಗೂ ಬರಲಿಲ್ಲ. ಬಂದದ್ದು ಜ್ವರ. ಕೆಮ್ಮಿಲ್ಲದೆಯೂ ನೀರು ದಾರಿ ತಪ್ಪಬಹುದೆಂದು ಆಮೇಲೆ ತಿಳಿಯಿತು. ಎದೆ ಗೊರಗೊರ ಎನ್ನತೊಡಗಿತು, ತುಟಿ ನೀಲಿಗಟ್ಟಿತು. ಆಸ್ಪತ್ರೆಗೆ ಸಾಗಿಸುವಾಗ ಆಂಬುಲೆನ್ಸಿನಲ್ಲಿ ಪಾಸ್ಟರ್ ಜೊತೆಗೇ ಹತ್ತಿದರು.

"ಇದು ನೀರಿಂದಲೇ ಆಯ್ತು ಅನ್ನಲಾಗುವುದಿಲ್ಲ," ಎಂದರು ಅಲ್ಲಿನ ಡಾಕ್ಟರು. "ಇಂಥವರಿಗೆ ತಮ್ಮ ಎಂಜಲೇ ಇಳಿದು ಹೀಗಾಗುವುದುಂಟು." ರವಿರಾಜ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಮುಕ್ತಾ ಹಿಡಿಯಲೂ ಇಲ್ಲ, ಬಿಡಲೂ ಇಲ್ಲ. ವಸುಂಧರೆಯನ್ನು ಒಂದು ಮಾತೂ ಅನ್ನಲಿಲ್ಲ. ಭೇಟಿಯ ಹೊತ್ತಿನಲ್ಲಿ ಅವಳು ಬಂದಾಗ ಬೆಂಚಿನಲ್ಲಿ ತುಸು ಸರಿದು ಜಾಗ ಕೊಟ್ಟರು, ಅಷ್ಟೇ. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತರು.

ಜ್ವರ ಇಳಿಯಿತು. ಟ್ಯೂಬು ಬಂತು. ಮೂಗಿನಿಂದ ಇಳಿದ ಸಣ್ಣ ನಳಿಗೆಯನ್ನು ಕೆನ್ನೆಗೆ ಅಂಟಿಸಿದ್ದರು. ಎಡಗೈಯನ್ನು ಮೆತ್ತನೆಯ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ಬಾಯಿಂದ ಇನ್ನು ಏನೂ ಇಲ್ಲ ಎಂದು ಮಂಚದ ತಲೆಗೆ ಚೀಟಿ ತಗುಲಿಸಿದ್ದರು.

ನರ್ಸು ಮಧ್ಯಾಹ್ನದ ಆಹಾರ ತಂದಳು. ಕಪ್ಪಿನಲ್ಲಿ ಹಾಲಿನಂಥದೇನೋ ಬೆಚ್ಚಗಿತ್ತು. ಸಿರಿಂಜನ್ನು ಟ್ಯೂಬಿಗೆ ಸಿಕ್ಕಿಸಿ ಸುರಿಯಲು ಹೊರಟಾಗ ಮುಕ್ತಾ, "ಸಿಸ್ಟರ್, ಏಕ್ ಮಿನಿಟ್," ಎಂದರು.

ಗಂಡನ ಬಲಗೈಯನ್ನು ಎತ್ತಿ ಅಂಗೈ ಮೇಲು ಮಾಡಿದರು. ಬೆರಳುಗಳನ್ನು ಒಂದೊಂದಾಗಿ ಒಳಕ್ಕೆ ಮಡಚಿದರು. ಬಾಟಲಿಯ ಮುಚ್ಚಳದಲ್ಲಿ ನೀರು ತೆಗೆದು ಆ ಗುಳಿಗೆ ಹಾಕಿದರು. ಮಂತ್ರವನ್ನು ಈ ಸಲ ಪೂರ್ತಿ ತಾವೇ ಹೇಳಿದರು. ಆಮೇಲೆ ಆ ಕೈಯನ್ನು ಬಾಯಿಯ ಹತ್ತಿರ ಒಯ್ಯಲಿಲ್ಲ. ಒಯ್ಯುವಂತಿರಲಿಲ್ಲ. ನೀರು ಬೆರಳ ಸಂದಿನಲ್ಲಿ ಇಳಿದು ಹೊದಿಕೆಯನ್ನು ಒದ್ದೆ ಮಾಡಿತು.

ನರ್ಸು ಸುರಿಯತೊಡಗಿದಳು.

ಗಣಪಯ್ಯನವರು ಬಾಯಿ ತೆರೆದರು. ಅಗಲವಾಗಿ, ನಾಲಿಗೆ ಕಾಣುವ ಹಾಗೆ. ಮನೆಯವರೆಲ್ಲ ಅಷ್ಟು ದಿನ ಬೇಡಿ ಕಾಡಿ ತೆರೆಸಲಾರದ ಬಾಯಿ ಅದು. ಈಗ ಅದಕ್ಕೆ ಹಾಕಲು ಏನೂ ಇರಲಿಲ್ಲ. ಆಹಾರ ಅವರ ಮುಖದ ಪಕ್ಕದಲ್ಲೇ ನಳಿಗೆಯೊಳಗೆ ಇಳಿದು ಹೋಗುತ್ತಿತ್ತು.

"ಮುಚ್ಚಿ," ಎಂದರು ಮುಕ್ತಾ. "ಆಯ್ತಲ್ಲ. ಊಟ ಆಗ್ತಾ ಉಂಟು. ಮುಚ್ಚಿ."

ಅವರು ಮುಚ್ಚಲಿಲ್ಲ. ಮುಕ್ತಾ ವಸುಂಧರೆಯ ಕಡೆ ತಿರುಗಿದರು. "ಎಂತಾದ್ರೂ ಹೇಳಿ ನೀವು. ನಿಮ್ಮದಾಗ್ಲಿ, ನಮ್ಮದಾಗ್ಲಿ."

ವಸುಂಧರಾ ಅಪ್ಪನ ಪದ್ಯವೊಂದನ್ನು ಎತ್ತಿಕೊಂಡಳು. ಎರಡು ಸಾಲು ಬಂತು. ಮೂರನೆಯದು ಬರಲಿಲ್ಲ. ಈ ಸಲ ಅದನ್ನು ರಾಗದಲ್ಲಿ ದಾಟಿಸಲಿಲ್ಲ. ಅವಳು ಮುಕ್ತಾ ಹಿಡಿದಿದ್ದ ಆ ಒದ್ದೆ ಕೈಯ ಕೆಳಗೆ ತನ್ನ ಕೈಯನ್ನು ಆನಿಸಿ ಹಿಡಿದಳು. ಸಿರಿಂಜು ಬರಿದಾಗುವವರೆಗೂ ಇಬ್ಬರೂ ಆ ತೆರೆದ ಬಾಯಿಯನ್ನು ನೋಡುತ್ತ ಕೂತಿದ್ದರು.